ಡೆಸ್ಮಂಡನ ಗೋಡೆಯಲ್ಲಿ ತುಕ್ಕುಬೆನ್ನು

ಸಾಮರ್ಸೆಟ್ಟಿನ ನಮ್ಮ ಓಣಿಯಲ್ಲಿ ಯಾರಾದರೂ ಸತ್ತರೆ ಮನೆಯವರಿಗೆ ಏನು ಹೇಳಬೇಕೆಂದು ನಮಗೆ ತೋಚುವುದಿಲ್ಲ. ಹಾಗಾಗಿ ಏನನ್ನಾದರೂ ರಿಪೇರಿ ಮಾಡಿಕೊಡುತ್ತೇವೆ. ನನ್ನ ತಾಯಿ ತೀರಿಕೊಂಡಾಗ ನಮ್ಮ ಗೇಟು ಕಿರುಗುಟ್ಟುವುದು ನಿಂತಿತು.

ವಿಲ್ಫ್ ಟ್ಯಾಪ್‌ಸ್ಕಾಟ್‌ನ ಹೆಂಡತಿ ಏವಿಸ್ ತೀರಿಹೋದ ಮೇಲೆ ಅವನು ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲು ಹೋದ. ಅಷ್ಟರಲ್ಲಿ ಎದುರುಮನೆಯ ಡೆಸ್ಮಂಡ್ ಮುಂದೆ ನಿಂತು, ವಿಲ್ಫ್‌ನ ಅಂಗಳದ ಕಲ್ಲುಗೋಡೆಯ ಸಂದುಗಳಿಂದ ಹಳೆಯ ಸುಣ್ಣದ ಗಾರೆ ಕೀಳಿಸಿ, ಸಿಮೆಂಟು ತುಂಬಿಸಿದ. ನನ್ನ ಪಾಲಿಗೆ ಬಂದದ್ದು ಚಹಾ ಹಂಚುವ ಕೆಲಸ. ನನ್ನ ಕೈಗೆ ಕರಣೆ ಕೊಡುವಷ್ಟು ದುಃಖ ಯಾರಿಗೂ ಆಗಿರಲಿಲ್ಲ.

ವಿಲ್ಫ್ ಬಸ್ಸು ಓಡಿಸಿ ನಿವೃತ್ತನಾದವನು. ವಾಪಸು ಬಂದು, ಡ್ರೈವರು ಪಕ್ಕದ ಕನ್ನಡಿ ನೋಡುವಂತೆ ಗೋಡೆಯನ್ನು ಒಮ್ಮೆ ನೋಡಿದ.

"ಹೆಂಗಿದೆ ವಿಲ್ಫ್?" ಡೆಸ್ಮಂಡ್ ಕೇಳಿದ. "ಒಂದೆಳೆ ಕಳೆ ಇಲ್ಲ ನೋಡು."

"ಅಚ್ಚುಕಟ್ಟಾಗಿದೆ. ಉಪಕಾರ ಆಯ್ತು. ಚಹಾ ಕುಡೀತೀರಾ?"

ಕುಡಿದೆವು. ಅವನ ಕಪ್ಪು ಅವನ ಕೈಯಲ್ಲೇ ತಣ್ಣಗಾಗಿ ಕೆನೆಗಟ್ಟಿತು.

ಮರುದಿನ ನನ್ನ ಬಾಗಿಲಿಗೆ ಬಂದ. "ಕಿತ್ತ ಗಾರೆ ಎಲ್ಲಿ ಹಾಕಿದ್ರಿ?"

"ಡೆಸ್ಮಂಡ್ ಚೀಲಕ್ಕೆ ತುಂಬಿಟ್ಟಿದ್ದಾನೆ, ಗುಂಡಿ ಮುಚ್ಚೋಕೆ. ಯಾಕೆ?"

"ಅದು ಕಳೆ ಅಲ್ಲ, ಏವಿಸ್ ಬೆಳೆಸಿದ ಜರೀಗಿಡ. ಅದರಲ್ಲಿ ತುಕ್ಕುಬೆನ್ನು ಅನ್ನೋ ಜಾತಿದು ಒಂದಿತ್ತು. ಅವಳಮ್ಮನ ಮನೆ ಗೋಡೆಯಿಂದ ತಂದಿದ್ದು. ಆ ಮನೆ ಈಗ ಇಲ್ಲ." ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿ. "ತುಕ್ಕುಬೆನ್ನು ಬೇಕಾದಷ್ಟು ಸಿಗತ್ತೆ. ಅದು ಸಿಗಲ್ಲ."

ಡೆಸ್ಮಂಡನ ಹಿತ್ತಲಲ್ಲಿ ಚೀಲ ಸುರಿದೆವು. ವಿಷಯ ತಿಳಿದ ಡೆಸ್ಮಂಡ್ ಮಂಡಿಯೂರಿ ಕೂತು ಗಾರೆ ತಿರುವತೊಡಗಿದ.

"ಇದಾ?" ಡೆಸ್ಮಂಡ್ ಒಂದು ಗಿಡ ಎತ್ತಿ ಹಿಡಿದ.

"ಅಲ್ಲ, ಅದರ ಕಡ್ಡಿ ಕಪ್ಪು, ಎರಡೂ ಕಡೆ ಗುಂಡಿ ಹೊಲಿದ ಹಾಗೆ ಎಲೆ. ಅದು ಬೇರೆ ಜಾತಿ."

ನಾನು ಹೆಮ್ಮೆಯಿಂದ ಎತ್ತಿ ತೋರಿಸಿದ್ದು ಕಾಲೊರಸಿನ ನಾರು. "ಅದು ಡೆಸ್ಮಂಡ್ ಹೆಂಡ್ತಿ ಬೆಳೆಸಿದ್ದು," ಎಂದ ವಿಲ್ಫ್, ನಗದೆ.

ಕೊನೆಗೆ ಡೆಸ್ಮಂಡನಿಗೇ ಸಿಕ್ಕಿತು. ಗಾರೆಯ ಹೆಂಟೆಗೆ ಅಂಟಿಕೊಂಡು ಮುಷ್ಟಿ ಬಿಗಿದಂತಿದ್ದ ಕಂದು ಮುದ್ದೆ. "ಸತ್ತೋಗಿದೆ ವಿಲ್ಫ್," ಎಂದ ಮೆಲ್ಲಗೆ.

ವಿಲ್ಫ್ ಒಂದೆಲೆ ಬಿಡಿಸಿದ. ಬೆನ್ನಿನ ತುಂಬ ತುಕ್ಕಿನ ಬಣ್ಣದ ಹೊಟ್ಟು. "ಏವಿಸ್ ಅಂತಿದ್ಳು, ಎಲೆಯ ಮುಖ ನೋಡಬಾರದಂತೆ, ಬೆನ್ನು ನೋಡಬೇಕಂತೆ. ಇದೇ. ನೀರಿಲ್ಲದಾಗ ಹೀಗೇ ಮುದುಡಿ ಕೂರತ್ತೆ. ಸತ್ತಿದೆಯೋ ಇಲ್ವೋ ಅಂತ ನೀರು ಬಿದ್ದ ಮೇಲೇ ಗೊತ್ತಾಗೋದು."

ಆದರೆ ಅದಕ್ಕೆ ಸುಣ್ಣದ ಗಾರೆ ಬೇಕು. ಸಿಮೆಂಟಿನಲ್ಲಿ ಬೇರು ಇಳಿಯುವುದಿಲ್ಲ. ಓಣಿಯಲ್ಲಿ ಹಳೆಯ ಗಾರೆ ಉಳಿದಿದ್ದ ಗೋಡೆ ಒಂದೇ. ಊರವರದ್ದೆಲ್ಲ ರಿಪೇರಿ ಮಾಡುವ ಡೆಸ್ಮಂಡನದು.

"ನಿನ್ನ ಗೋಡೇಲಿ ಒಂದು ಸಂದು ಕೊಡ್ತೀಯಾ ಡೆಸ್ಮಂಡ್?"

"ಎಷ್ಟು ಬೇಕೋ ತಗೋ. ಆ ಗೋಡೆಗೆ ಇನ್ನು ನಾನು ಕೈ ಹಾಕಲ್ಲ."

"ನಿನ್ನ ಹೆಂಡ್ತಿ ಬೈತಾಳೆ."

"ಹೆಂಗೂ ಬೈತಾಳೆ. ಇನ್ಮೇಲೆ ಕಾರಣ ಇರತ್ತೆ."

ವಿಲ್ಫ್ ಹಳೆಯ ಗಾರೆಯನ್ನು ಪುಡಿ ಮಾಡಿ, ಕೊಳೆತ ಎಲೆಯ ಮಣ್ಣು ಬೆರೆಸಿ, ಬೇರಿಗೆ ಹಾವಸೆ ಸುತ್ತಿ ಸಂದಿಗೆ ತುರುಕಿದ. ಬೀಳದಂತೆ ಕಲ್ಲುಚೂರೊಂದನ್ನು ಒತ್ತಿ ಸಿಕ್ಕಿಸಿ, ಪೀಪಾಯಿಯ ಮಳೆನೀರು ಚಿಮುಕಿಸಿದ. ಅಂದಿನಿಂದ ದಿನಾ ಬೆಳಿಗ್ಗೆ ಓಣಿ ದಾಟಿ ಬಂದು, ನೀರು ಚಿಮುಕಿಸಿ, ಮಾತಿಲ್ಲದೆ ಹೋಗುತ್ತಿದ್ದ. ಗಿಡವೂ ಮಾತಾಡಲಿಲ್ಲ.

ಒಂದು ಬೆಳಿಗ್ಗೆ ಡೆಸ್ಮಂಡ್ ನನ್ನ ಕಿಟಕಿ ಬಡಿದ. ಹೋಗಿ ನೋಡಿದರೆ ಒಂದೇ ಒಂದು ಎಲೆ ಬಿಚ್ಚಿಕೊಂಡಿತ್ತು, ಹಸಿರಾಗಿ. ಉಳಿದವು ಕಂದಾಗಿಯೇ ಇದ್ದವು. ಪರೀಕ್ಷೆ ಬರೆದ ಹುಡುಗರಂತೆ ನಾವಿಬ್ಬರೂ ವಿಲ್ಫ್‌ಗೆ ಕಾದೆವು. ಅವನು ಬಂದ, ಎಲೆಯ ಮುಖ ನೋಡಿದ, ಬೆನ್ನು ತಿರುಗಿಸಿ ನೋಡಿದ, ಬಿಟ್ಟ.

"ಬದುಕಿದೆ," ಎಂದ ಡೆಸ್ಮಂಡ್, ತಡೆಯಲಾರದೆ.

"ಹ್ಞೂಂ."

"ಖುಷಿ ಆಗಲಿಲ್ವಾ ಮಾರಾಯ?"

ತನ್ನ ದಾರಿಯಲ್ಲಿ ಇಲ್ಲದ ಸ್ಟಾಪನ್ನು ಯಾರೋ ಕೇಳಿದಂತೆ ವಿಲ್ಫ್ ಯೋಚಿಸಿದ. "ಏನೂ ಅನ್ನಿಸ್ತಿಲ್ಲ ಡೆಸ್ಮಂಡ್. ಯಾವುದಕ್ಕೂ ಅನ್ನಿಸ್ತಿಲ್ಲ." ನೀರು ಚಿಮುಕಿಸಿದ. "ನಾಳೆ ಬರ್ತೀನಿ."

"ಚಹಾ ಮಾಡಿರ್ತೀನಿ."

ಅವನು ಕುಡಿಯುವುದಿಲ್ಲ ಎಂದು ಡೆಸ್ಮಂಡನಿಗೂ ಗೊತ್ತು. ಹಿಡಿದುಕೊಂಡು ನಿಲ್ಲುವುದಕ್ಕಾದರೂ ಏನಾದರೂ ಬೇಕಲ್ಲ.