ಅವ್ವ ಅರಿಷಿಣ ಹಚ್ಚಿದ ಲಕೋಟೆ

ನನ್ನ ಹೆಂಡತಿ ಬ್ಯಾಡಗಿಯವಳು. ಮೆಣಸಿನಕಾಯಿ ವಾಸನೆಯಲ್ಲೇ ಬೆಳೆದವಳು. ಮೂಗಿಗೆ ಹಿಡಿದರೆ ಸಾಕು, ಕಾಯಿ ಹೊಸದೋ ಹೋದ ವರ್ಷದ್ದೋ ಹೇಳುತ್ತಾಳೆ. ನನ್ನದು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ಮದುವೆಯ ಮಾತುಕತೆಯಲ್ಲಿ ಹುಡುಗಿ ಕೃಷಿಯಲ್ಲಿ ಎಂ.ಎಸ್ಸಿ. ಓದಿದ್ದಾಳೆ ಎಂದಾಗ ನಾನು ಹಿಗ್ಗಿದ್ದೆ, ಮೇಡ್ಲೇರಿ ಕಡೆಯ ರೈತರಿಗೆ ಬೀಜದ ಬಗ್ಗೆ ತಿಳಿಸಿ ಹೇಳಲು ಒಬ್ಬಳು ಸಿಕ್ಕಳೆಂದು. ನನ್ನ ತಲೆ ಓಡಿದ್ದು ಅಷ್ಟೇ ದೂರ.

ಅವಳ ತಲೆಯಲ್ಲಿ ಬೇರೆಯೇ ಇತ್ತು. ಬ್ಯಾಡಗಿ ಕಾಯಿಗೆ ಅಷ್ಟೊಂದು ಕೆಂಪು, ಇಷ್ಟೇ ಖಾರ ಯಾಕೆ? ಇದನ್ನೇ ಹಿಡಿದು ಜಪಾನಿನ ಒಬ್ಬ ಪ್ರಾಧ್ಯಾಪಕರಿಗೆ ಬರೆದಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನನ್ನ ಗಲ್ಲಾಪೆಟ್ಟಿಗೆಯ ಮೇಲೇ ಸಂಶೋಧನೆಯ ಯೋಜನೆ ತಯಾರಾಯಿತು. ಅವರು ತಪ್ಪು ತೋರಿಸಿದರು, ಇವಳು ಮತ್ತೆ ಬರೆದಳು. ಹೀಗೆ ಆರು ಸಲ. ನಾನಾಗಿದ್ದರೆ ಎರಡನೇ ಸಲಕ್ಕೇ ಕೈಮುಗಿದು ಏಳುತ್ತಿದ್ದೆ. ಕೊನೆಗೆ, ವಿದ್ಯಾರ್ಥಿವೇತನ ಸಿಕ್ಕರೆ ಸೇರಿಸಿಕೊಳ್ಳುತ್ತೇನೆ ಎಂದರು. ಆದರೆ ಆ ವಿದ್ಯಾರ್ಥಿವೇತನಕ್ಕೆ ವಯಸ್ಸಿನ ಮಿತಿ ಇತ್ತು. ಮುಂದಿನ ವರ್ಷ ಇವಳು ಅದನ್ನು ದಾಟುತ್ತಿದ್ದಳು. ಹಾಗಾಗಿ ಇದೊಂದೇ ಅವಕಾಶ.

ಅವ್ವ ಈ ವಿಷಯದಲ್ಲಿ ತುಟಿ ಬಿಚ್ಚಿರಲಿಲ್ಲ. ಸೊಸೆ ಅಷ್ಟು ದೂರ ಹೋಗುವುದು ಅವಳಿಗೆ ಬೇಡವಾಗಿದೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಅರ್ಜಿ ಕಳಿಸುವ ದಿನ ಬಂತು. ಅದರ ಜೊತೆ ಹೋಗಬೇಕಾದದ್ದು ಹಾವೇರಿಯಲ್ಲಿರುವ ಅವಳ ಗುರುಗಳ ಶಿಫಾರಸು ಪತ್ರ. ಅದನ್ನು ಅವರೇ ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ ಕೊಟ್ಟಿದ್ದರು. ಯಾರೂ ಒಡೆದು ನೋಡಿಲ್ಲ ಎಂಬುದಕ್ಕೆ ಆ ಸಹಿಯೇ ಸಾಕ್ಷಿ. ಹೆಂಡತಿ ಲಕೋಟೆಯನ್ನು ದೇವರ ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ನಾಲ್ಕೂ ಮೂಲೆಗೆ ಅರಿಷಿಣ, ಕುಂಕುಮ! ಮದುವೆ ಪತ್ರಿಕೆಗೆ ಹಚ್ಚುವ ಹಾಗೆ, ನೀರಲ್ಲಿ ಕಲಸಿ, ಧಾರಾಳವಾಗಿ. ಅಂಟು ಬಿಟ್ಟು ಲಕೋಟೆಯ ಬಾಯಿ ಮೇಲೆದ್ದಿತ್ತು, ಸಹಿಯ ಶಾಯಿ ಹರಡಿತ್ತು.

ನನ್ನ ಪಿತ್ತ ನೆತ್ತಿಗೇರಿತು. "ಯವ್ವಾ, ಏನ್ ಮಾಡಿಟ್ಟಿ? ಇನ್ನ ಇದನ್ನ ಯಾರ ತಗೋತಾರ?"

ಅವ್ವ ಅರಿಷಿಣದ ಬೆರಳು ಹಾಗೇ ಹಿಡಿದು ನಿಂತಳು. "ಚಲೋ ಕೆಲಸಕ್ಕ ಹೊಂಟ ಕಾಗದ, ಬರಿದ ಹೆಂಗ ಕಳಸೂದಂತ ಹಚ್ಚಿದ್ನೋ ತಮ್ಮಾ."

ಹೆಂಡತಿಯ ಕಣ್ಣಲ್ಲಿ ನೀರಿತ್ತು. ಆದರೂ ಗದರಿದ್ದು ನನ್ನನ್ನೇ. "ನೀವು ಸುಮ್ನಿರ್ರಿ. ಅತ್ತಿ, ಇರ್ಲಿ ಬಿಡ್ರಿ, ಇನ್ನೊಂದ ಬರಸ್ಕೊಂಡ ಬರ್ತೇನಿ."

ಹೇಳುವುದು ಸುಲಭ. ಆ ಗುರುಗಳು ಬಲು ಕಟ್ಟುನಿಟ್ಟು. ಮೊದಲ ಪತ್ರಕ್ಕೇ ಮೂರು ಸಲ ಅಲೆಸಿದ್ದರು. ಸಂಜೆ ನಾಲ್ಕರೊಳಗೆ ಕೊರಿಯರ್ ಅಂಗಡಿಗೆ ಮುಟ್ಟಿಸದಿದ್ದರೆ ಕೊನೆಯ ದಿನ ತಪ್ಪುತ್ತಿತ್ತು.

"ನಡಿ, ನಾನೂ ಬರ್ತೇನಿ," ಎಂದು ಅವ್ವ ಸೆರಗು ಹೊದ್ದಳು.

ಮೂವರೂ ಹಾವೇರಿ ಬಸ್ಸು ಹತ್ತಿದೆವು. ಅವ್ವ ಕಾಲೇಜಿನ ಮೆಟ್ಟಿಲು ತುಳಿದದ್ದು ಅದೇ ಮೊದಲು. ಲಕೋಟೆ ನೋಡಿ ಗುರುಗಳು ಹುಬ್ಬು ಗಂಟಿಕ್ಕಿದರು. ಹೆಂಡತಿ ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು.

"ತಪ್ಪ ನಂದರಿ ಸರ, ಈಕಿದಲ್ಲ. ನಾ ಸಾಲಿ ಕಲತಾಕಿ ಅಲ್ಲ, ತಿಳೀಲಿಲ್ಲ. ನನ್ನ ಸಂಬಂಧ ಈಕಿ ಓದು ನಿಲ್ಲಬಾರ್ದರಿ. ಈಕಿ ಹೋಗಬೇಕರಿ."

ಇಷ್ಟು ದಿನ ಅವ್ವನ ಮೌನಕ್ಕೆ ನಾನು ಏನು ಅರ್ಥ ಕಟ್ಟಿದ್ದೆ! ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

"ಕುಂದರ್ರಿ ಅವ್ವಾರ," ಎಂದು ಗುರುಗಳು ಕುರ್ಚಿ ಎಳೆದು ಕೊಟ್ಟರು. ಪತ್ರವನ್ನು ಮತ್ತೆ ಮುದ್ರಿಸಿ, ಅಂಟಿಸಿ, ಸಹಿ ಹಾಕಿದರು. ದಾರಿಯುದ್ದಕ್ಕೂ ಅವ್ವ ಆ ಲಕೋಟೆಯ ಕಡೆ ಕೈ ಚಾಚಲಿಲ್ಲ. ಮೂರೂಮುಕ್ಕಾಲಿಗೆ ಕೊರಿಯರ್ ಅಂಗಡಿಯಲ್ಲಿದ್ದೆವು.

ಕೆಲವು ತಿಂಗಳ ಮೇಲೆ ವಿದ್ಯಾರ್ಥಿವೇತನ ಸಿಕ್ಕ ಸುದ್ದಿ ಬಂತು. ನಾನು ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದೆ, ನಾನೇ ಪಾಸಾದವನ ಹಾಗೆ.

ಹೊರಡುವ ಬೆಳಿಗ್ಗೆ ಟೇಬಲ್ಲಿನ ಮೇಲೆ ಪಾಸ್‌ಪೋರ್ಟು, ಟಿಕೆಟ್ಟು, ಪ್ರವೇಶಪತ್ರ ಸಾಲಾಗಿದ್ದವು. ಅವ್ವ ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದವಳು ಮಾರು ದೂರದಲ್ಲೇ ನಿಂತುಬಿಟ್ಟಳು.

"ಇದರಾಗ ಯಾವುದಕ್ಕ ಹಚ್ಚಬೌದು, ನೀನ ಹೇಳ," ಎಂದಳು.

ಹೆಂಡತಿ ಅವಳ ಮುಂದೆ ಹೋಗಿ ತಲೆ ಬಾಗಿಸಿದಳು. "ನನ್ನ ಹಣಿಗೆ ಹಚ್ಚರಿ ಅತ್ತಿ. ಇದನ್ನ ಯಾರೂ ಬ್ಯಾಡ ಅನ್ನಂಗಿಲ್ಲ."