ಮೇಲೆ ನೋಡುವ ಗಂಡಸರು

ಸೌದಿಯ ಖೋಬರ್ ಪಟ್ಟಣದ ಥುಕ್ಬಾದಲ್ಲಿ ಹುಸೈನ್ ಅವರ ಅಂಗಡಿಗೆ ಫೋಟೊ ಫ್ರೇಮ್ ಹಾಕಿಸಲು ಹೋದವರು ಬೇಗ ಬಿಡುಗಡೆಯಾಗುತ್ತಿರಲಿಲ್ಲ. ಗಲ್ಲಾದ ಹಿಂದಿನ ಗೋಡೆಯಲ್ಲಿದ್ದ ಕಪ್ಪು-ಬಿಳುಪು ಚಿತ್ರದ ವಿವರಣೆ ಕೇಳಿಯೇ ಬರಬೇಕು. ಅದು ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಹಳೆಯ ಅಚ್ಚು. ಊರಿಗೆ ಮರಳುವಾಗ ಒಬ್ಬ ಡಚ್ ಎಂಜಿನಿಯರ್ ಪ್ರೀತಿಯಿಂದ ಕೊಟ್ಟುಹೋದದ್ದು. ಇನ್ನೂರು ವರ್ಷದ ಹಿಂದೆ ತಮ್ಮ ದೇಶದ ಸುಧಾರಣಾ ಸಂಘವೊಂದು ನಡೆಸಿದ ಸಭೆ ಎಂದಷ್ಟೇ ಆತ ಹೇಳಿದ್ದ. ಉಳಿದದ್ದನ್ನು ಭಟ್ಕಳದ ಹುಸೈನ್ ತಾವೇ ಸೇರಿಸಿಕೊಂಡಿದ್ದರು.

ಅಲ್ಲಿನ ಭಟ್ಕಳದವರ ಸಂಘವಾದ ಜಮಾತಿಗೆ ಅವರೇ ಕಾರ್ಯದರ್ಶಿ; ಸಭೆಯ ವಿಚಾರ ಯಾರಾದರೂ ಹೇಳಿಕೊಡಬೇಕೆ? ಚಿತ್ರದಲ್ಲಿ ನಿಂತವನು ಕಾರ್ಯದರ್ಶಿ, ವರದಿ ಓದುತ್ತಿದ್ದಾನೆ. ಕಣ್ಣು ಮುಚ್ಚಿದವನು ಖಜಾಂಚಿ. ಬಾಗಿಲಲ್ಲಿರುವವನು ಊಟ ಬಂತೇ ಎಂದು ನೋಡಲು ಹೊರಟವನು. ತೊಡಕೊಂದೇ. ಉಳಿದ ಗಂಡಸರೆಲ್ಲ ವರದಿ ಓದುವವನನ್ನು ಬಿಟ್ಟು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಮೇಲೆ ದೀಪದ ಗೊಂಚಲು, ಅದರಾಚೆ ಮಾಳಿಗೆಯ ಕಟಾಂಜನಕ್ಕೆ ಒರಗಿದ ಹೆಂಗಸರು. ಹೊಸ ದೀಪ ಇರಬೇಕು, ಅದಕ್ಕೇ ನೋಡುತ್ತಿದ್ದಾರೆ ಎಂದು ಹುಸೈನ್ ತೀರ್ಮಾನಿಸಿದ್ದರು.

"ದೀಪ ಅಲ್ಲ," ಎಂದರು ಒಂದು ಮಧ್ಯಾಹ್ನ ಊಟ ತಂದ ಹೆಂಡತಿ ಝಾಹಿದಾ. "ಮೇಲಿನ ಹೆಂಗಸೊಬ್ಬಳು ಎಂತದೋ ಹೇಳಿದ್ದಾಳೆ."

"ಹೆಂಗಸರು ಸಭೆಯಲ್ಲಿ ಮಾತಾಡ್ಲಿಕ್ಕುಂಟಾ ಮಾರಾಯ್ತಿ? ಅವರು ನೋಡ್ಲಿಕ್ಕೆ ಬಂದವರು."

"ಚೀಟಿ ಕಳಿಸಿ ಕಳಿಸಿ ಸಾಕಾದವರು ಇರಬೇಕು," ಎಂದು ಝಾಹಿದಾ ಡಬ್ಬಿ ಬಿಚ್ಚಿದರು.

ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಜಮಾತಿನ ವಾರ್ಷಿಕ ಸಭೆಯಲ್ಲಿ ಹೆಂಗಸರು ಪರದೆಯ ಹಿಂದೆ ಕೂರುತ್ತಾರೆ, ಕೇಳುವುದಿದ್ದರೆ ಚೀಟಿ ಬರೆದು ಕಳಿಸುತ್ತಾರೆ. ಚೀಟಿಗಳ ಸರದಿ ಬರುವಾಗ ಬಿರಿಯಾನಿಯೂ ಬಂದಿರುತ್ತದೆ. ಕಳೆದ ಎರಡು ವರ್ಷವೂ ಝಾಹಿದಾರ ಚೀಟಿ ಹುಸೈನರ ಜೇಬಿನಲ್ಲೇ ಮನೆಗೆ ಮರಳಿತ್ತು. ಅವರು ಕೇಳಿದ್ದು ದೊಡ್ಡದೇನಲ್ಲ. ವಾರವಿಡೀ ಬೀಗ ಬಿದ್ದಿರುವ ಜಮಾತಿನ ಕೋಣೆ ಬೆಳಗಿನ ಹೊತ್ತು ಹೆಂಗಸರಿಗೆ ಬೇಕು. ಖೋಬರಿನಲ್ಲೇ ಬೆಳೆದ ಅವರಿಗೆ ಅರಬಿ ಭಾಷೆ ನೀರು ಕುಡಿದಷ್ಟು ಸುಲಭ. ಮದುವೆಯಾಗಿ ಹೊಸದಾಗಿ ಬಂದ ಹುಡುಗಿಯರು ಡಾಕ್ಟರಿಗೆ ನೋವು ಎಲ್ಲೆಂದು ಹೇಳಲು ಗಂಡನ ಡ್ಯೂಟಿ ಮುಗಿಯುವವರೆಗೆ ಕಾಯುವುದನ್ನು ಅವರು ನೋಡುತ್ತಲೇ ಬಂದಿದ್ದರು. ಆ ಕೋಣೆಯಲ್ಲಿ ಆ ಹುಡುಗಿಯರಿಗೆ ಅರಬಿ ಮಾತು ಕಲಿಸಬೇಕೆಂದಿತ್ತು.

ಈ ವರ್ಷದ ಸಭೆ ಊರಾಚೆ ಬಾಡಿಗೆಗೆ ಹಿಡಿದ ಇಸ್ತಿರಾಹಾ ಎಂಬ ವಿಹಾರದ ಮನೆಯಲ್ಲಿ ನಡೆಯಿತು. ಹುಸೈನ್ ನಿಂತು ವರದಿ ಓದಿ, ಚೀಟಿಗಳನ್ನು ಊಟದ ನಂತರ ನೋಡೋಣ ಎನ್ನುವಷ್ಟರಲ್ಲಿ ಪರದೆಯ ಹಿಂದಿನಿಂದ ಗಟ್ಟಿಯಾದ ಧ್ವನಿ ಬಂತು.

"ಈ ಸಲ ಚೀಟಿ ಇಲ್ಲ. ಬಾಯಲ್ಲೇ ಹೇಳ್ತೇನೆ. ನಮಗೆ ಕೋಣೆಯ ಚಾವಿ ಬೇಕು."

ಝಾಹಿದಾ ಕಾರಣವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಹುಸೈನರಿಗೆ ಕಿವಿ ಬಿಸಿಯಾಯಿತು. ಆಮೇಲೆ ಮಾತಾಡೋಣ ಎನ್ನಲು ತಲೆಯೆತ್ತಿದರು. ಎದುರಿಗಿದ್ದ ಒಬ್ಬನೂ ಅವರನ್ನು ನೋಡುತ್ತಿರಲಿಲ್ಲ. ಮುಖಗಳೆಲ್ಲ ಪರದೆಯತ್ತ ತಿರುಗಿದ್ದವು. ಖಜಾಂಚಿಗೂ ಎಚ್ಚರವಾಗಿತ್ತು. ವರದಿ ಹಿಡಿದು ನಡುವೆ ನಿಂತವರು ತಾವೊಬ್ಬರೇ. ಈ ಚಿತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಗು ಬಂತು, ಹೆಂಡತಿಯ ಬಗ್ಗೆ ಹೆಮ್ಮೆಯೂ ಆಯಿತು.

"ಚಾವಿ ಯಾರ ಹತ್ರ ಉಂಟು?" ಎಂದು ಅಧ್ಯಕ್ಷ ಖಾಲಿದ್ ಕೇಳಿದರು.

"ನನ್ನ ಹತ್ರವೇ," ಎಂದು ಹುಸೈನ್ ಜೇಬಿನಿಂದ ತೆಗೆದು ಪರದೆಯ ಸಂದಿಯಲ್ಲಿ ಚಾಚಿದರು. ಬಳೆಯ ಕೈಯೊಂದು ತೆಗೆದುಕೊಂಡಿತು.

ಮರುವಾರ ಅಂಗಡಿಗೆ ಬಂದ ಮಂಗಳೂರಿನ ಗಿರಾಕಿ, ಚಿತ್ರದಲ್ಲಿ ಇವರೆಲ್ಲ ಮೇಲೆ ಎಂತ ನೋಡ್ತಿದ್ದಾರೆ ಎಂದು ಕೇಳಿದ.

ಹುಸೈನ್ ಕನ್ನಡಕ ಏರಿಸಿ, ಮಾಳಿಗೆಯ ಹೆಂಗಸರಲ್ಲಿ ಒಬ್ಬಳ ಮೇಲೆ ಬೆರಳಿಟ್ಟರು. "ಇವಳು ಕೋಣೆಯ ಚಾವಿ ಕೇಳಿದ್ದಾಳೆ."