ಬಾವಿಯೊಳಗಿನ ಬಿಳಿ ಪದರ

ದೆವ್ವ, ಭೂತ, ಸತ್ತವರ ಸುಳಿವು ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವನು. ಈಗಲೂ ಅಷ್ಟೆ. ಕಲ್ಲುಗಳ ಬಗ್ಗೆ ಓದಿ, ಅದನ್ನೇ ಹುಡುಗರಿಗೆ ಕಲಿಸಿ ಹೊಟ್ಟೆ ಹೊರೆದವನು ನಾನು. ಸುತ್ತಿಗೆಯಿಂದ ಒಡೆದು ನೋಡಲಾಗದ್ದನ್ನು ನಂಬಿದವನಲ್ಲ. ಆದರೂ ಒಂದು ಮಧ್ಯಾಹ್ನ ನನಗೆ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ, ಪಾಪ, ಮುದುಕನಿಗೆ ಅರಳುಮರಳು ಎಂದು ಪುಟ ತಿರುವಿ ಹಾಕುತ್ತಿದ್ದೆ.

1948ರ ಬೇಸಿಗೆ. ನಾನು ಹೈದರಾಬಾದಿನಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದೆ. ನಿಜಾಮರ ಆಳಿಕೆಯ ಕೊನೆಯ ದಿನಗಳು ಅವು. ಕತ್ತಿ, ಬಂದೂಕು ಹಿಡಿದ ಗುಂಪುಗಳು ಹಳ್ಳಿಗಳಿಗೆ ನುಗ್ಗುತ್ತಿದ್ದವು. ಆಳಂದ ತಾಲ್ಲೂಕಿನ ನಮ್ಮ ಸರಸಂಬಾದ ಜನ ಗಂಟುಮೂಟೆ ಕಟ್ಟಿಕೊಂಡು, ಗಡಿ ದಾಟಿ, ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಅಪ್ಪ ದನಕರು ಹೊಡೆದುಕೊಂಡು ಮುಂದಾಗಿ ಹೋಗಿದ್ದ. ಅವ್ವ ಮಾತ್ರ ಊರು ಬಿಡಲೊಲ್ಲೆ ಎಂದು ಕೂತಿದ್ದಳು. ಅವಳನ್ನು ಹೇಗಾದರೂ ಒಪ್ಪಿಸಿ ಕರೆದೊಯ್ಯಲು ನಾನು ಹೈದರಾಬಾದಿನಿಂದ ಓಡಿ ಬಂದಿದ್ದೆ. ಅಪ್ಪನ ತಮ್ಮ, ನಮ್ಮ ಕಾಕಾ, ಹೊಲದ ಬದುವಿನಲ್ಲಿ ಬಂಡಿ ಹೂಡಿ ನಿಂತಿದ್ದ.

ಅವ್ವ ಕೂತದ್ದು ಅರ್ಧಕ್ಕೆ ನಿಂತ ಒಂದು ಬಾವಿಯ ಹತ್ತಿರ. ಹಿಂದಿನ ಚಳಿಗಾಲದಲ್ಲಿ ಹೊಲದಲ್ಲಿ ಬಾವಿ ತೋಡಲು ಹಚ್ಚಿದ್ದರು. ಎರೆಮಣ್ಣು ಮುಗಿಯಿತು, ಗರಸು ಮುಗಿಯಿತು, ಕರಿಕಲ್ಲನ್ನು ಮದ್ದಿಟ್ಟು ಒಡೆದದ್ದೂ ಆಯಿತು. ಅದರ ಕೆಳಗೆ ಬಿಳಿ ಪದರವೊಂದು ಬಂತು. ಮೆತ್ತಗೆ, ಬೆರಳಿಗೆ ಹತ್ತುವಂಥ ಬಿಳುಪು. ನಾವು ಸತ್ತವರನ್ನು ಸುಡುವವರಲ್ಲ. ಹೊಲದಲ್ಲೇ ಕುಣಿ ತೋಡಿ, ಕೂಡಿಸಿ, ವಿಭೂತಿ ಹಾಕಿ ಮಣ್ಣು ಕೊಡುವವರು. ಹಾಗಾಗಿ ಆ ಬಿಳಿ ಮಣ್ಣಿನ ಬುಟ್ಟಿ ಮೇಲೆ ಬಂದದ್ದೇ ತಡ, ತೋಡುವವರು ಗುದ್ದಲಿ ಬಿಟ್ಟು ಕೈಮುಗಿದರು. ಇದು ವಿಭೂತಿ, ಯಾರದೋ ಸಮಾಧಿ ಎಂದರು. ಯಾರದು ಎಂಬುದನ್ನು ಅವ್ವ ಹೇಳಿದಳು: "ನನ್ನ ನೀಲೀದು."

ನೀಲಿ ನನ್ನ ತಂಗಿ. ಆಗಷ್ಟೇ ನಡೆಯಲು ಕಲಿತಿದ್ದಳು, ಜ್ವರ ಬಂದು ತೀರಿಕೊಂಡಳು. ಅವ್ವ ಆಗ ಹಾಸಿಗೆ ಹಿಡಿದ ತನ್ನ ತಂದೆಯನ್ನು ನೋಡಿಕೊಳ್ಳಲು ಅಫಜಲಪುರದ ತವರಿಗೆ ಹೋಗಿದ್ದಳು. ಮಳೆಗಾಲ ಬೇರೆ. ಎರೆಭೂಮಿ ಹಸಿಯಾದರೆ ಬಂಡಿಯ ಗಾಲಿ ಹೂತು ಕೂತುಬಿಡುತ್ತದೆ. ಸುದ್ದಿ ಮುಟ್ಟಿ ಅವಳು ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಷ್ಟು ಚಿಕ್ಕ ಕೂಸಿಗೆ ಗದ್ದುಗೆ ಕಟ್ಟಿಸಲಿಲ್ಲ. ಅಪ್ಪ, ಕಾಕಾ ಇಬ್ಬರೂ ಅವ್ವನನ್ನು ಕರೆತರಲು ಹೋಗಿದ್ದರು, ಹುಡುಗನೆಂದು ನನ್ನನ್ನು ಮನೆಯಲ್ಲೇ ಬಿಟ್ಟಿದ್ದರು. ಗುರುತಿಗಿದ್ದ ಬನ್ನಿಗಿಡ ಬಿತ್ತು, ಮಣ್ಣು ಕೊಟ್ಟ ಅಜ್ಜ, ಅಪ್ಪನ ತಂದೆ, ಅವನೂ ಹೋದ. ಮಗಳು ಈ ಹೊಲದಲ್ಲಿ ಎಲ್ಲಿದ್ದಾಳೆ ಎಂದು ಅವ್ವನಿಗೆ ತೋರಿಸುವವರು ಯಾರೂ ಉಳಿದಿರಲಿಲ್ಲ.

"ವೈನಿ, ಏಳ್ರಿ," ಎಂದ ಕಾಕಾ. "ಮುಂಜಾನಿಂದ ಆಕಡಿ ಹೊಗಿ ಕಾಣಾಕತ್ತದ. ಊರಾಗ ಹೆಣ್ಣುಮಕ್ಕಳು ಯಾರೂ ಉಳದಿಲ್ಲರಿ."

"ನೀವು ಹೋಗ್ರಿ," ಎಂದಳು ಅವ್ವ. "ಅವಾಗೂ ಅಕೀನ ಬಿಟ್ಟು ತವರಿಗೆ ಹೋದೆ. ಈಗ ಸಿಕ್ಕಾಳ. ಮತ್ತ ಬಿಟ್ಟು ಹೋಗಂತೀರೇನು?"

ಅವಳಿಗೆ ಏನಾದರೂ ಆದರೆ ನಾನು ಬದುಕಿ ಏನು ಮಾಡಲಿ?

"ಯವ್ವಾ, ಅದು ವಿಭೂತಿ ಅಲ್ಲ," ಎಂದೆ. "ಅದರ ಮ್ಯಾಲ ಕರಿಕಲ್ಲು ಇತ್ತು. ಕಲ್ಲಿನ ಕೆಳಗ ಕೂಸಿನ್ನ ಹ್ಯಾಂಗ ಇಡ್ತಾರ?"

"ಇಡಾಕ ಯಾಕ ಬೇಕೋ? ನನ್ನ ಹುಡುಕ್ಕೋತ ತಾನ ಹೋಗ್ಯಾಳ, ಕೆಳಗ, ಕೆಳಗ."

ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ, ಹೇಳಿ! ಕಣ್ಣಾರೆ ತೋರಿಸುವುದೇ ಸೈ ಎಂದು ಸುತ್ತಿಗೆ ಹಿಡಿದು ಬಾವಿಗೆ ಇಳಿದೆ.

ನಾನು ತೋರಿಸಬೇಕೆಂದಿದ್ದದ್ದು ಇಷ್ಟೆ. ನಮ್ಮ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿಯ ಹೊಳೆ. ನೆಲ ಬಿರಿದು ಬಂದು, ಈ ಸೀಮೆಯ ಮೇಲೆಲ್ಲ ಹರಿದು, ಆರಿ ಕಲ್ಲಾಯಿತು. ಆಮೇಲೆ ಮತ್ತೊಂದು ಹೊಳೆ, ಅದರ ಮೇಲೆ ಇನ್ನೊಂದು. ಎರಡು ಹೊಳೆಗಳ ನಡುವೆ ಸಾವಿರಾರು ವರ್ಷ ಬಿಡುವು ಸಿಕ್ಕಾಗ ತಗ್ಗಿನಲ್ಲಿ ಮಳೆನೀರು ನಿಂತು ಕೆರೆಯಾಯಿತು. ಪಾಚಿ ಬಂತು, ಬಸವನಹುಳು ಬಂದವು, ಕಪ್ಪೆ, ಮೀನು ಬಂದವು. ಆ ಕೆರೆಯ ತಳವೇ ಈ ಬಿಳಿ ಪದರ. ದೈತ್ಯ ಹಲ್ಲಿಗಳ ಕಾಲ ಮುಗಿಯುತ್ತ ಬಂದ ಹೊತ್ತು ಅದು. ಕುದುರೆ ಇನ್ನೂ ಹುಟ್ಟಿರಲಿಲ್ಲ. ಮನುಷ್ಯ ಹುಟ್ಟಲು ಕೋಟಿಗಟ್ಟಲೆ ವರ್ಷ ಬಾಕಿ ಇತ್ತು. ಪದರದ ತುಂಬ ಜೋಳದ ಕಾಳಿನಷ್ಟು ಸಣ್ಣ ಬಸವನಹುಳುವಿನ ಚಿಪ್ಪುಗಳಿದ್ದವು. ಅವೇ ನನ್ನ ಸಾಕ್ಷಿ.

ಬಿಸಿಲು ನೇರ ತಳಕ್ಕೆ ಬೀಳುತ್ತಿತ್ತು. ಮಂಡಿಯೂರಿ, ಎಡಗೈ ಪದರದ ಮೇಲಿಟ್ಟು, ಒಂದು ಹೆಂಟೆ ಎಬ್ಬಿಸಿದೆ. ಎತ್ತಿನ ಕೊರಳ ಗೆಜ್ಜೆಯ ಸದ್ದು ಒಮ್ಮೆಲೇ ನಿಂತುಹೋಯಿತು. ಒಣಗಿ ಬಿರಿದ ಆ ಕುಣಿಯಲ್ಲಿ ಪಾಚಿಗಟ್ಟಿದ ನೀರಿನ ವಾಸನೆ ಬಂತು. ಎಲ್ಲೋ ಹತ್ತಿರದಲ್ಲೇ ನೀರು ದಂಡೆಗೆ ತಾಗುವ ಸಪ್ಪಳ. ಅಂಗೈಗೆ ತಂಪು ಹತ್ತಿತು. ಅಷ್ಟರಲ್ಲಿ ಒಂದು ಪುಟ್ಟ ಕೈ ನನ್ನ ಕಿರುಬೆರಳನ್ನು ಹಿಡಿಯಿತು.

ಬೇರು ತಾಗಿರಬೇಕು, ಹುಳ ಹರಿದಿರಬೇಕು ಅನ್ನುತ್ತೀರಿ. ನಾನೂ ಅಂದುಕೊಂಡು ನೋಡಿದ್ದೇನೆ. ಅದು ಬೆಚ್ಚಗಿತ್ತು. ಪೂರ್ತಿ ಮುಷ್ಟಿಯಿಂದ ಹಿಡಿದಿತ್ತು. ಅಂಗಳದಲ್ಲಿ ಹೆಜ್ಜೆ ಹಾಕುವಾಗ ನೀಲಿ ನನ್ನ ಆ ಬೆರಳೊಂದನ್ನೇ ಹಿಡಿಯುತ್ತಿದ್ದಳು, ಬೇರೆ ಬೆರಳು ಕೊಟ್ಟರೆ ಒಲ್ಲೆ ಅನ್ನುತ್ತಿದ್ದಳು. ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಉಸಿರು ಬಿಗಿಹಿಡಿದು, ಕೈ ಅಲುಗಿಸದೆ ಕೂತೆ. ಕೂಸು ನಿದ್ದೆ ಹೋಗುವಾಗ ಹಿಡಿತ ಸಡಿಲಾಗುತ್ತದಲ್ಲ, ಹಾಗೆ ಮೆಲ್ಲಗೆ ಬಿಟ್ಟಿತು. ಮೇಲೆ ಗೆಜ್ಜೆ ಮತ್ತೆ ಕೇಳಿಸಿತು. ನನ್ನ ಕೈ ಒಣಗಿಯೇ ಇತ್ತು.

ಹೆಂಟೆ ಹಿಡಿದು ಮೇಲೆ ಬಂದೆ. ಅವ್ವ ಕೂತಲ್ಲಿಂದ ಬಾವಿಯ ತಳ ಕಾಣುವಂತಿರಲಿಲ್ಲ. ನಾನು ಬಾಯಿ ತೆಗೆದಿರಲಿಲ್ಲ. ಅವಳು ಹೆಂಟೆಯ ಕಡೆ ನೋಡಲೇ ಇಲ್ಲ. ನನ್ನ ಎಡಗೈ ತೆಗೆದುಕೊಂಡು ಕಿರುಬೆರಳನ್ನು ಸವರಿದಳು.

"ಗಟ್ಟಿ ಹಿಡದಿದ್ದಳೇನಪಾ?"

ಬಲಗೈಯಲ್ಲಿದ್ದ ಹೆಂಟೆಯನ್ನು ಅವಳ ಉಡಿಯಲ್ಲಿಟ್ಟು, ಹೇಳಬೇಕೆಂದಿದ್ದದ್ದನ್ನೇ ತೊದಲುತ್ತ ಹೇಳಿದೆ: ಬೆಂಕಿಯ ಹೊಳೆ, ಕೆರೆ, ಹುಳುಗಳು. ಕಾಲೇಜಿನಲ್ಲಿ ಉರ್ದುವಿನಲ್ಲಿ ಕಲಿತದ್ದಕ್ಕೆ ಕನ್ನಡದ ಮಾತು ಹುಡುಕುವುದೇ ಕಷ್ಟವಾಯಿತು. ಅವ್ವ ಉಗುರಿನಿಂದ ಒಂದೊಂದೇ ಚಿಪ್ಪು ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು.

"ಇವಕ್ಕ ಜೀವ ಇತ್ತೇನು?"

"ಇತ್ತವ್ವಾ."

"ಎಷ್ಟ್ ಸಣ್ಣು ಅವ! ಮರಿ ಇರಬೇಕು." ಅಂಗೈಯ ಚಿಪ್ಪುಗಳನ್ನು ಬೆರಳಿನಿಂದ ಸರಿಸಿ ನೋಡಿದಳು. "ಹಂಗಾರ ಅಕಿ ಒಬ್ಬಾಕಿ ಇಲ್ಲ."

ಚಿಪ್ಪುಗಳನ್ನು ಮೆಲ್ಲಗೆ ಬಾವಿಯೊಳಗೇ ಬಿಟ್ಟಳು. ಸೆರಗು ಕೊಡವಿಕೊಂಡು, ತಾನೇ ಹೋಗಿ ಬಂಡಿ ಹತ್ತಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ನಿಜಾಮರ ಆಳಿಕೆ ಮುಗಿಯಿತು, ನಾವು ಊರಿಗೆ ಮರಳಿದೆವು. ಆ ದಿನ ಅವಳಿಗೆ ಹೇಗೆ ತಿಳಿಯಿತೆಂದು ಎಷ್ಟೋ ಸಲ ಕೇಳಿದೆ. "ನಿನ್ನ ಮಾರಿ ನೋಡಿದ್ನಲ್ಲೋ" ಎಂದು ನಕ್ಕುಬಿಡುತ್ತಿದ್ದಳು. ಬರಿ ಮುಖ ನೋಡಿದರೆ ಬೆರಳು ತಿಳಿಯುತ್ತದೆಯೇ? ಕೋಟಿಗಟ್ಟಲೆ ವರ್ಷದ ಹಿಂದಿನ ಕೆರೆಯಲ್ಲಿ ಮನುಷ್ಯರ ಕೂಸಿನ ಕೈ ಎಲ್ಲಿಂದ ಬರಬೇಕು? ನನಗೆ ಗೊತ್ತಿಲ್ಲ.

ಬಾವಿ ಮುಂದುವರಿಸಿ ಎಂದವಳೂ ಅವ್ವನೇ. ಬಿಳಿ ಪದರವನ್ನು ಪೂರ್ತಿ ಅಗೆದು ತೆಗೆದರು. ನಾನು ದಂಡೆಯ ಮೇಲೆ ಕೂತು ಪ್ರತಿ ಬುಟ್ಟಿಯನ್ನೂ ಕೈಯಿಂದ ಕೆದರಿ ನೋಡಿದೆ. ಬರೀ ಚಿಪ್ಪು. ನಾನು ಹೇಳಿದ್ದೇ ಸರಿಯಾಗಿತ್ತು. ಕಾಕಾ ಭೇಷ್ ಎಂದು ಬೆನ್ನು ತಟ್ಟಿದ. ಒಂದು ಪುಟ್ಟ ಎಲುಬಾದರೂ ಸಿಗಲಿ, ನನ್ನ ಓದು ಸುಳ್ಳಾದರೆ ಆಗಲಿ ಎಂದು ಬೇಡಿಕೊಳ್ಳುತ್ತ, ನಾನು ಕೊನೆಯ ಬುಟ್ಟಿಯನ್ನೂ ಕೆದರುತ್ತಲೇ ಇದ್ದೆ.